ಮೊದಲು ಹಾಗಿತ್ತು, ಈಗ ಹೀಗೆ: ಗೊತ್ತಿರೋ ಹಾಡು ವೇದಿಕೆ ಮೇಲೆ ಬದಲಾದಾಗ

ನಮ್ಮ ದೊಡ್ಡಪ್ಪನಿಗೆ ಎರಡು ಕಿವಿ ಇವೆ, ಆದರೆ ಅವುಗಳ ನಡುವೆ ಮಾತುಕತೆ ಇಲ್ಲ ಅಂತ ಮನೆಯಲ್ಲಿ ತಮಾಷೆ ಮಾಡುತ್ತೇವೆ. ಒಮ್ಮೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಹುಡುಗನೊಬ್ಬ ರಾಜ್‌ಕುಮಾರ್ ಅವರ ಹಳೇ ಹಾಡೊಂದನ್ನು ಹಾಡುತ್ತಿದ್ದ. ಚೆನ್ನಾಗಿಯೇ ಹಾಡುತ್ತಿದ್ದ. ಪಲ್ಲವಿಯ ಕೊನೆಯ ಸಾಲು ಬಂದಾಗ ಅದನ್ನು ಸ್ವಲ್ಪ ಎಳೆದು, ಒಂದು ಪುಟ್ಟ ಆಲಾಪ ಸೇರಿಸಿದ. ದೊಡ್ಡಪ್ಪನ ಮುಖ ಹುಳ್ಳಗಾಯಿತು. "ಇದ್ದ ಹಾಗೆ ಹಾಡೋಕೆ ಇವನಿಗೇನು ಧಾಡಿ?" ಅಂದರು.

ಅದೇ ಮನುಷ್ಯ ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದ ಕಛೇರಿಗೆ ಹೋಗಿ ಕೂರುತ್ತಾರೆ. ಅಲ್ಲಿ ಗಾಯಕರು ಒಂದೇ ಸಾಲನ್ನು ಇಪ್ಪತ್ತು ಬಗೆಯಲ್ಲಿ ತಿರುಗಿಸಿದರೂ ಇವರು ತೊಡೆ ಮೇಲೆ ತಾಳ ಹಾಕುತ್ತಾ ತಲೆದೂಗುತ್ತಾರೆ. ಯಾರಾದರೂ ಕಲಿತದ್ದನ್ನು ಕಲಿತ ಹಾಗೇ ಹಾಡಿ ಎದ್ದುಹೋದರೆ ಮನೆಗೆ ಬಂದು ದೂರು: "ಪಾಠ ಒಪ್ಪಿಸಿದ ಹಾಗಾಯ್ತು. ಮನೋಧರ್ಮವೇ ಇಲ್ಲ." ಮನೋಧರ್ಮ ಅಂದರೆ ಆ ಕ್ಷಣದಲ್ಲಿ ಹೊಳೆದದ್ದನ್ನು ಸೇರಿಸಿ ಹಾಡುವುದು.

ಒಂದು ಕಡೆ ಬದಲಾಯಿಸಿದರೆ ತಪ್ಪು, ಇನ್ನೊಂದು ಕಡೆ ಬದಲಾಯಿಸದಿದ್ದರೆ ತಪ್ಪು. ಸುಮ್ನೆ ಮೂಡ್ ವಿಷಯ ಅಂತ ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಇದೇ ಗೊಂದಲ ಪ್ರಪಂಚದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಕೂಗಾಟಕ್ಕೆ, ಬೈಗುಳಕ್ಕೆ, ನಮ್ಮಲ್ಲಂತೂ ಹೈಕೋರ್ಟಿನವರೆಗೂ ಹೋಗಿದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಡಿಲನ್ ಪ್ರಕರಣ

ಈ ವಿಷಯಕ್ಕೆ ಬಂದರೆ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. 1964ರಲ್ಲಿ ಅವರು 'ಐ ಡೋಂಟ್ ಬಿಲೀವ್ ಯು' ಅನ್ನುವ ಹಾಡನ್ನು ರೆಕಾರ್ಡ್ ಮಾಡಿದರು. ಅದರಲ್ಲಿ ಇರುವುದು ಒಬ್ಬ ಮನುಷ್ಯ, ಒಂದು ಗಿಟಾರು, ಒಂದು ಹಾರ್ಮೋನಿಕಾ, ಅಷ್ಟೇ. 1966ರ ಪ್ರವಾಸದಲ್ಲಿ ಅದನ್ನೇ ಐದು ಜನರ ಬ್ಯಾಂಡ್ ಕಟ್ಟಿಕೊಂಡು, ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಎಲ್ಲ ಸೇರಿಸಿ ಅಬ್ಬರದಲ್ಲಿ ಹಾಡಿದರು. ಶುರುಮಾಡುವ ಮುಂಚೆ ಸಭೆಗೆ ಒಂದು ಮಾತು ಹೇಳಿದರು: "ಇದು ಮೊದಲು ಹಾಗೆ ಹೋಗ್ತಿತ್ತು, ಈಗ ಹೀಗೆ ಹೋಗುತ್ತೆ."

ನನಗೆ ಆ ಮಾತು ಬಹಳ ಇಷ್ಟ. ಅದರಲ್ಲಿ ಕ್ಷಮೆ ಇಲ್ಲ, ವಿವರಣೆಯೂ ಇಲ್ಲ. ಬಸ್ಸಿನ ರೂಟ್ ಬದಲಾಗಿದೆ ಅಂತ ಕಂಡಕ್ಟರ್ ಹೇಳಿದ ಹಾಗಿದೆ.

ಗಲಾಟೆ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮುಂಚೆ. ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯದ ನ್ಯೂಪೋರ್ಟ್‌ನಲ್ಲಿ ಜಾನಪದ ಸಂಗೀತದ ಉತ್ಸವ ನಡೆಯುತ್ತದೆ. 1963ರಲ್ಲಿ ಅಲ್ಲೇ ಡಿಲನ್, ಜೋನ್ ಬಯೆಜ್, ಪೀಟ್ ಸೀಗರ್ ಮುಂತಾದವರು ಸಾಲಾಗಿ ನಿಂತು 'ವಿ ಶಲ್ ಓವರ್‌ಕಮ್' ಹಾಡಿದ್ದರು. ಅದು ಕರಿಯರ ನಾಗರಿಕ ಹಕ್ಕುಗಳ ಹೋರಾಟದ ಕಾಲ. ಆ ಸಭಿಕರಿಗೆ ಕಟ್ಟಿಗೆಯ ಗಿಟಾರು ಬರೀ ವಾದ್ಯವಾಗಿರಲಿಲ್ಲ. ಅದು ಪ್ರಾಮಾಣಿಕತೆಯ ಗುರುತಾಗಿತ್ತು. ಕರೆಂಟಿನ ಗಿಟಾರು ಅಂದರೆ ದುಡ್ಡು, ರೇಡಿಯೋ, ಹದಿಹರೆಯದವರ ಕಿರುಚಾಟ. ಡಿಲನ್ 'ನಮ್ಮವನು' ಆಗಿದ್ದದ್ದು ಕಟ್ಟಿಗೆಯ ಗಿಟಾರಿನ ಜೊತೆಗೆ.

1965ರ ಜುಲೈ 25ರಂದು ಅದೇ ವೇದಿಕೆಗೆ ಅವರು ಎಲೆಕ್ಟ್ರಿಕ್ ಬ್ಯಾಂಡ್ ಜೊತೆ ಬಂದರು. ಬರೀ ಮೂರು ಹಾಡು. ಜನರ ನಡುವಿನಿಂದ 'ಬೂ' ಅನ್ನುವ ಕೂಗು ಎದ್ದಿತು. ಯಾಕೆ ಕೂಗಿದರು ಅನ್ನುವ ಬಗ್ಗೆ ಅಲ್ಲಿದ್ದವರಲ್ಲೇ ಒಮ್ಮತವಿಲ್ಲ. ಸೌಂಡ್ ಕೆಟ್ಟದಾಗಿತ್ತು, ಮಾತು ಕೇಳಿಸುತ್ತಿರಲಿಲ್ಲ ಅನ್ನುತ್ತಾರೆ ಕೆಲವರು. ಇಷ್ಟು ಬೇಗ ಮುಗಿಸಿದ್ದಕ್ಕೆ ಸಿಟ್ಟು ಅನ್ನುತ್ತಾರೆ ಇನ್ನು ಕೆಲವರು. ಆಮೇಲೆ ಡಿಲನ್ ಒಬ್ಬರೇ ಹಳೇ ಗಿಟಾರು ಹಿಡಿದು ವಾಪಸ್ ಬಂದು ಎರಡು ಹಾಡು ಹಾಡಿದಾಗ ಅದೇ ಜನ ಚಪ್ಪಾಳೆ ತಟ್ಟಿದರು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಅವರು ಎಲೆಕ್ಟ್ರಿಕ್ ಆಗಿದ್ದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಬಂದ ಆಲ್ಬಮ್ಮಿನ ಅರ್ಧ ಭಾಗ ಎಲೆಕ್ಟ್ರಿಕ್ ಆಗಿಯೇ ಇತ್ತು. 'ಲೈಕ್ ಎ ರೋಲಿಂಗ್ ಸ್ಟೋನ್' ಬಿಡುಗಡೆಯಾಗಿ ಐದು ದಿನ ಕಳೆದಿತ್ತು. ಮನೆಯ ರೇಡಿಯೋದಲ್ಲಿ ಬಂದರೆ ಪರವಾಗಿಲ್ಲ, ಈ ವೇದಿಕೆಗೆ ಬರಬಾರದು. ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಬಂದರೆ ಆಗುವ ಸಿಟ್ಟು ಇದು. ಚಪ್ಪಲಿ ಹಾಕುವುದೇ ತಪ್ಪು ಅಂತ ಯಾರೂ ಹೇಳುತ್ತಿಲ್ಲ.

ಮುಂದಿನ ವರ್ಷದ ಪ್ರವಾಸದಲ್ಲಿ ಡಿಲನ್ ಕಾರ್ಯಕ್ರಮವನ್ನೇ ಎರಡು ಭಾಗ ಮಾಡಿದರು. ಮೊದಲರ್ಧ ಒಬ್ಬರೇ, ಎರಡನೇ ಅರ್ಧ ಬ್ಯಾಂಡ್ ಜೊತೆ. ಇಂಗ್ಲೆಂಡಿನಲ್ಲಿ ಮೊದಲರ್ಧವನ್ನು ಉಸಿರು ಬಿಗಿಹಿಡಿದು ಕೇಳಿದವರು ಎರಡನೇ ಅರ್ಧದಲ್ಲಿ ಹಾಡಿನ ಲಯ ತಪ್ಪಿಸಲು ಬೇಕೆಂದೇ ನಿಧಾನ ಚಪ್ಪಾಳೆ ತಟ್ಟುತ್ತಿದ್ದರು. ಎದ್ದುಹೋಗುವವರು ಎದ್ದುಹೋಗುತ್ತಿದ್ದರು. 1966ರ ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಒಬ್ಬ ಕೂಗಿದ: "ಜೂಡಾಸ್!" ಯೇಸುವನ್ನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ ಶಿಷ್ಯನ ಹೆಸರು. ಡಿಲನ್ ಮೈಕಿನಲ್ಲೇ ಉತ್ತರಿಸಿದರು: "ನಾನು ನಿನ್ನನ್ನು ನಂಬಲ್ಲ. ನೀನು ಸುಳ್ಳುಗಾರ." ಬ್ಯಾಂಡಿನ ಕಡೆ ತಿರುಗಿ ಒಂದು ಕೆಟ್ಟ ಬೈಗುಳ ಸೇರಿಸಿ, ಜೋರಾಗಿ ಬಾರಿಸಿ ಅಂದರು. 'ಲೈಕ್ ಎ ರೋಲಿಂಗ್ ಸ್ಟೋನ್' ಶುರುವಾಯಿತು.

ಜನರ ಈ ಬೈಗುಳವನ್ನು ಎಲ್ಲರೂ ಡಿಲನ್‌ರಂತೆ ಅರಗಿಸಿಕೊಳ್ಳಲಿಲ್ಲ. ಡ್ರಮ್ಸ್ ನುಡಿಸುತ್ತಿದ್ದ ಲೆವನ್ ಹೆಲ್ಮ್ 1965ರ ಕೊನೆಯಲ್ಲೇ ಸಾಕಪ್ಪಾ ಅಂತ ಬಿಟ್ಟುಹೋಗಿ, ಸ್ವಲ್ಪ ಕಾಲ ಸಮುದ್ರದ ಎಣ್ಣೆಬಾವಿಯಲ್ಲಿ ಕೆಲಸ ಮಾಡಿದರು. ದಿನಾ ರಾತ್ರಿ ಬೈಸಿಕೊಳ್ಳುವುದಕ್ಕಿಂತ ಅದೇ ವಾಸಿ ಅನ್ನಿಸಿರಬೇಕು.

ಆ ಮ್ಯಾಂಚೆಸ್ಟರ್ ರಾತ್ರಿಯ ರೆಕಾರ್ಡಿಂಗ್ ವರ್ಷಗಟ್ಟಲೆ ಕಳ್ಳ ಪ್ರತಿಯಾಗಿ ಓಡಾಡಿತು. ಅದೂ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದ್ದು ಅನ್ನುವ ತಪ್ಪು ಹೆಸರಿನಲ್ಲಿ. 1998ರಲ್ಲಿ ಕಂಪನಿಯೇ ಅದನ್ನು ಬಿಡುಗಡೆ ಮಾಡಿತು. ಈಗ ಡಿಲನ್ ಅಭಿಮಾನಿಗಳು ಅದನ್ನು ಅವರ ಅತಿ ಶ್ರೇಷ್ಠ ಕಛೇರಿಗಳಲ್ಲಿ ಒಂದು ಅನ್ನುತ್ತಾರೆ. ಅಂದು ದ್ರೋಹ ಅನ್ನಿಸಿಕೊಂಡ ರೂಪ ಇಂದು ಅಸಲಿ ಆಗಿದೆ. ಇಂದು ಅದನ್ನು ಬದಲಾಯಿಸಿದರೆ ಮತ್ತೆ ಬೈಯುವವರು ಇದ್ದಾರೆ.

ತಲೆಯೊಳಗಿರುವುದು ಹಾಡಲ್ಲ, ರೆಕಾರ್ಡಿಂಗ್

ಇಲ್ಲಿಂದ ಸ್ವಲ್ಪ ಮೆದುಳಿನ ಕಡೆ ಹೋಗೋಣ. ನಮಗೆ ಒಂದು ಹಾಡು ಗೊತ್ತು ಅಂದಾಗ ನಿಜವಾಗಿ ಏನು ಗೊತ್ತಿರುತ್ತದೆ? ಸಾಹಿತ್ಯ ಮತ್ತು ರಾಗ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದಕ್ಕಿಂತ ತುಂಬಾ ಜಾಸ್ತಿ ಗೊತ್ತಿರುತ್ತದೆ.

ಡೇನಿಯಲ್ ಲೆವಿಟಿನ್ ಅನ್ನುವ ಸಂಶೋಧಕ 1990ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಜನರನ್ನು ಕರೆದು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪಾಪ್ ಹಾಡನ್ನು ನೆನಪಿನಿಂದ ಹಾಡಿ ಅಂದರು. ಬಂದವರಲ್ಲಿ ಹೆಚ್ಚಿನವರು ಗಾಯಕರಲ್ಲ. ಆದರೂ ಸುಮಾರು 40% ಜನ ಎರಡು ಪ್ರಯತ್ನಗಳಲ್ಲಿ ಒಮ್ಮೆಯಾದರೂ ಮೂಲ ರೆಕಾರ್ಡಿಂಗಿನ ಶ್ರುತಿಯಲ್ಲೇ ಹಾಡಿದರು. ವೇಗದ ಲೆಕ್ಕದಲ್ಲಂತೂ 72% ಹಾಡುಗಾರಿಕೆಗಳು ಮೂಲಕ್ಕಿಂತ ಹೆಚ್ಚೆಂದರೆ 8% ಆಚೀಚೆ ಇದ್ದವು. ಗ್ಲೆನ್ ಶೆಲೆನ್‌ಬರ್ಗ್ ಮತ್ತು ಅವರ ಜೊತೆಗಾರರು 1999ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಜನಪ್ರಿಯ ಹಾಡುಗಳಿಂದ ಬರೀ 100 ಮಿಲಿಸೆಕೆಂಡಿನ ತುಣುಕು ಕತ್ತರಿಸಿ ಕೇಳಿಸಿದರು. ಅಂದರೆ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು. ಅಷ್ಟರಲ್ಲಿ ಒಂದು ಸ್ವರ ಕೂಡ ಸರಿಯಾಗಿ ಮುಗಿಯುವುದಿಲ್ಲ. ಆದರೂ ಸುಮ್ಮನೆ ಊಹಿಸಿದರೆ ಸಿಗುವುದಕ್ಕಿಂತ ಎಷ್ಟೋ ಹೆಚ್ಚು ಬಾರಿ ಜನ ಹಾಡನ್ನು ಸರಿಯಾಗಿ ಗುರುತಿಸಿದರು.

ಅಷ್ಟು ಚಿಕ್ಕ ತುಣುಕಿನಲ್ಲಿ ರಾಗ ಇಲ್ಲ, ಮಾತೂ ಇಲ್ಲ. ಇರುವುದು ನಾದದ ಬಣ್ಣ ಮಾತ್ರ. ಆ ಗಿಟಾರಿನ ಮೊನಚು, ಆ ಸ್ಟುಡಿಯೋದ ಗುಂಯ್ ಅನ್ನುವ ಸದ್ದು. ನಾವು ಎದೆಯಲ್ಲಿ ಇಟ್ಟುಕೊಂಡಿರುವುದು ಆ ಒಂದು ರೆಕಾರ್ಡಿಂಗಿನ ಅಚ್ಚು. ಹಾಡಿದವರಿಗೆ ಆ ರೆಕಾರ್ಡಿಂಗು ಯಾವುದೋ ಮಂಗಳವಾರ ಮಧ್ಯಾಹ್ನದ ಒಂದು ಪ್ರಯತ್ನ. ಅವರ ಹತ್ತಿರ ಇರುವುದು ಹಾಡು, ನಮ್ಮ ಹತ್ತಿರ ಇರುವುದು ರೆಕಾರ್ಡು. ಇಬ್ಬರೂ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಜಗಳದ ಬೇರು ಹೆಚ್ಚಾಗಿ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಅಚ್ಚು ಇದ್ದ ಮೇಲೆ ನಿರೀಕ್ಷೆ ಇರುತ್ತದೆ. ಇಷ್ಟದ ಹಾಡು ಕೇಳುವಾಗ ನಾವು ಹಾಡಿಗಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತಿರುತ್ತೇವೆ. ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ಇದನ್ನು ಮೆದುಳಿನ ಸ್ಕ್ಯಾನಿನಲ್ಲಿ ತೋರಿಸಿದರು. ಮೈ ಜುಮ್ಮೆನ್ನುವ ಆ ಜಾಗ ಬಂದಾಗ ಮೆದುಳಿನಲ್ಲಿ ಡೋಪಮೈನ್ ಅನ್ನುವ, ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಸರಿ. ಆದರೆ ಆ ಜಾಗ ಬರುವುದಕ್ಕೆ ಕೆಲವು ಸೆಕೆಂಡು ಮೊದಲೇ ಮೆದುಳಿನ ಇನ್ನೊಂದು ಭಾಗದಲ್ಲಿ ಡೋಪಮೈನ್ ಬಂದಿರುತ್ತದೆ. ಅಂದರೆ 'ಈಗ ಬರುತ್ತೆ, ಈಗ ಬರುತ್ತೆ' ಅನ್ನುವುದೇ ಸಂತೋಷದ ಒಂದು ದೊಡ್ಡ ಪಾಲು.

ಈಗ ಗಾಯಕ ಅದೇ ಜಾಗದಲ್ಲಿ ತಿರುವು ತೆಗೆದುಕೊಂಡರೆ? ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೂ ಒಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟು, ನೆಲ ಸಿಕ್ಕಿ ಮೈ ಝಲ್ ಅನ್ನುತ್ತದಲ್ಲ, ಅದೇ ಆಗುತ್ತದೆ. ಬಿದ್ದಿರುವುದಿಲ್ಲ, ನೋವೂ ಆಗಿರುವುದಿಲ್ಲ. ಆದರೂ ಸಿಟ್ಟು ಬರುತ್ತದೆ.

ಹಾಗಂತ ಕಿವಿ ಹೊಸದನ್ನು ದ್ವೇಷಿಸುತ್ತದೆ ಅಂತಲೂ ಅಲ್ಲ. ಪದೇ ಪದೇ ಕಂಡದ್ದು, ಕೇಳಿದ್ದು ಅಷ್ಟರಿಂದಲೇ ಇಷ್ಟವಾಗುತ್ತಾ ಹೋಗುತ್ತದೆ ಅಂತ ರಾಬರ್ಟ್ ಝಾಯನ್ಸ್ 1968ರಲ್ಲಿ ತೋರಿಸಿದ್ದರು. ಆದರೆ ಅದಕ್ಕೂ ಒಂದು ಮಿತಿ ಇದೆ. ಡೇನಿಯಲ್ ಬರ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಗುಡ್ಡದ ಆಕಾರದ ಗೆರೆಯಾಗಿ ಬರೆದರು. ಪೂರ್ತಿ ಹೊಸದು ಅಂದರೆ ತಲೆಬುಡ ತಿಳಿಯುವುದಿಲ್ಲ. ಪೂರ್ತಿ ಹಳತು ಅಂದರೆ ಬೇಜಾರು. ನಡುವೆ ಎಲ್ಲೋ ಗುಡ್ಡದ ತುದಿ. ವೇದಿಕೆಯ ತೊಂದರೆ ಏನೆಂದರೆ, ಕೇಳುಗ ಆ ತುದಿಯಲ್ಲಿ ಖುಷಿಯಾಗಿ ಕೂತಿದ್ದಾನೆ. ಆ ಹಾಡನ್ನು ಎರಡು ಸಾವಿರ ಸಲ ಹಾಡಿದ ಗಾಯಕ ಯಾವತ್ತೋ ಆಚೆ ಬದಿಯಿಂದ ಕೆಳಗಿಳಿದು ಹೋಗಿದ್ದಾನೆ.

ಇದನ್ನು ಕೆನಡಾ ಮೂಲದ ಗಾಯಕಿ ಜೋನಿ ಮಿಚೆಲ್ 1974ರಲ್ಲಿ ಲಾಸ್ ಏಂಜಲೀಸ್‌ನ ವೇದಿಕೆಯಲ್ಲಿ ಮೂತಿಗೆ ಹೊಡೆದ ಹಾಗೆ ಹೇಳಿದ್ದಾರೆ. ಜನ ಅವರವರ ಇಷ್ಟದ ಹಾಡಿನ ಹೆಸರು ಕೂಗುತ್ತಿದ್ದರು. ಅದಕ್ಕೆ ಅವರು, ವ್ಯಾನ್ ಗೋಗ್‌ಗೆ ಯಾರೂ 'ಇನ್ನೊಂದ್ಸಲ ಸ್ಟಾರಿ ನೈಟ್ ಬರೆಯಪ್ಪಾ' ಅಂತ ಕೇಳಲಿಲ್ಲ, ಬರೆದ, ಮುಗೀತು, ಅಂದರು. ಜನ ನಕ್ಕರು. ಆಮೇಲೆ ಜೋನಿ ತಮ್ಮ ಹಳೇ ಹಾಡೊಂದನ್ನೇ ಹಾಡಿದರು ಅನ್ನುವುದು ಬೇರೆ ಮಾತು.

ಬೇಜಾರು ಒಂದು ಕಾರಣ. ಇನ್ನೊಂದು ಕಾರಣ ಗಂಟಲು. ಇಪ್ಪತ್ತೈದನೇ ವಯಸ್ಸಿನಲ್ಲಿ ತಾರಸ್ಥಾಯಿಯಲ್ಲಿ ಹಾಡಿದ್ದನ್ನು ಎಪ್ಪತ್ತರಲ್ಲಿ ಹಾಡಲು ಹೆಚ್ಚಿನವರಿಂದ ಆಗದು. ಶ್ರುತಿ ಇಳಿಸುತ್ತಾರೆ, ಮೇಲಿನ ಸ್ವರ ಇರುವ ಕಡೆ ಮಾತಿನ ಧಾಟಿಗೆ ಬರುತ್ತಾರೆ, ಜೊತೆ ಹಾಡುಗಾರರಿಗೆ ಬಿಟ್ಟುಕೊಡುತ್ತಾರೆ. ಎಲ್ಟನ್ ಜಾನ್ ಅವರಿಗೆ 1987ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿಯೇ ತಗ್ಗಿತು. ಹಳೇ ಹಾಡುಗಳ ಎತ್ತರದ ಸಾಲುಗಳೂ ಬದಲಾದವು.

ಜೋನಿ ಅವರದ್ದೇ ಇನ್ನೊಂದು ಕಥೆ ಇದೆ. 2015ರಲ್ಲಿ ಅವರಿಗೆ ಮೆದುಳಿನ ರಕ್ತನಾಳದ ತೊಂದರೆಯಾಯಿತು. ಮಾತು, ನಡಿಗೆ ಎಲ್ಲವನ್ನೂ ಮತ್ತೆ ಕಲಿಯಬೇಕಾಯಿತು. 2022ರ ಜುಲೈನಲ್ಲಿ, 78ನೇ ವಯಸ್ಸಿನಲ್ಲಿ, ಹೇಳದೆ ಕೇಳದೆ ನ್ಯೂಪೋರ್ಟ್ ಉತ್ಸವಕ್ಕೆ ಬಂದರು. ಡಿಲನ್‌ಗೆ ಬೈದ ಅದೇ ನ್ಯೂಪೋರ್ಟ್. ಕುರ್ಚಿಯಲ್ಲಿ ಕೂತು 'ಬೋತ್ ಸೈಡ್ಸ್ ನೌ' ಹಾಡಿದರು. 1969ರ ರೆಕಾರ್ಡಿನ ಹಕ್ಕಿಯಂಥ ದನಿ ಎಲ್ಲೂ ಇರಲಿಲ್ಲ. ತಗ್ಗಿದ, ದಪ್ಪನಾದ ದನಿ. ಸಾಲುಗಳು ಬೀಳುವ ಜಾಗ ಬೇರೆ. ವೇದಿಕೆಯಲ್ಲೇ ಇದ್ದ ಕಲಾವಿದರು ಕಣ್ಣೊರೆಸಿಕೊಳ್ಳುವುದು ವಿಡಿಯೋದಲ್ಲಿ ಕಾಣುತ್ತದೆ. ಬದುಕಿನ ಎರಡೂ ಬದಿ ನೋಡಿದ್ದೇನೆ ಅನ್ನುವ ಹಾಡನ್ನು ಆ ವಯಸ್ಸಿನ ದನಿಯೇ ಹಾಡಬೇಕು ಅನ್ನಿಸುತ್ತದೆ. ಇಲ್ಲಿ ಬದಲಾವಣೆಯ ಕಾರಣ ಎಲ್ಲರ ಕಣ್ಣೆದುರಿಗೆ ಇತ್ತು. ಹಟಕ್ಕೆ ಬದಲಾಯಿಸಿದ್ದಾರೆ ಅಂತ ಯಾರಿಗೂ ಅನ್ನಿಸಲಿಲ್ಲ.

ಟಿಕೆಟ್ಟಿನಲ್ಲಿ ಬರೆಯದ ಮಾತು

ಹಾಗಾದರೆ ಬದಲಾವಣೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಕೇಳುಗ ಏನು ಅಂದುಕೊಂಡು ಬಂದಿದ್ದ ಅನ್ನುವುದು ಮುಖ್ಯ ಅಲ್ವಾ? ಪ್ರತಿ ಕಾರ್ಯಕ್ರಮಕ್ಕೂ ಬಾಯಲ್ಲಿ ಹೇಳದ ಒಂದು ಒಪ್ಪಂದ ಇರುತ್ತದೆ.

ಗಿಟಾರ್ ವಾದಕ, ಗಾಯಕ ಎರಿಕ್ ಕ್ಲ್ಯಾಪ್ಟನ್ 1992ರಲ್ಲಿ ಟಿವಿಯ, ಕರೆಂಟಿನ ಗಿಟಾರಿಲ್ಲದೆ ನುಡಿಸುವ 'ಅನ್‌ಪ್ಲಗ್ಡ್' ಕಾರ್ಯಕ್ರಮಕ್ಕೆ ಬಂದರು. ಅವರ 'ಲೈಲಾ' ಹಾಡು ಶುರುವಾಗುವುದೇ ಬೆಂಕಿಯಂಥ ಎಲೆಕ್ಟ್ರಿಕ್ ಗಿಟಾರಿನಿಂದ. ಆ ಏಳೆಂಟು ಸ್ವರ ಕೇಳಿಯೇ ಜನ ಕುಣಿಯುತ್ತಾರೆ. ಆವತ್ತು ಅವರು ಅದನ್ನು ತೆಗೆದೇ ಹಾಕಿದರು. ವೇಗ ಇಳಿಸಿ, ಸಂಜೆ ಜಗಲಿಯಲ್ಲಿ ಕೂತು ಗುನುಗುವ ಹಾಗೆ ಮಾಡಿದರು. ಆದರೆ ಶುರುಮಾಡುವ ಮುಂಚೆ, ಇದು ಯಾವುದು ಕಂಡುಹಿಡೀರಿ ನೋಡೋಣ ಅಂತ ಒಂದು ಮಾತು ಎಸೆದರು. ಮೊದಲ ಸಾಲು ಹಾಡಿದ ಮೇಲೆ ಜನರಿಗೆ ಹೊಳೆದು ಚಪ್ಪಾಳೆ ಬೀಳುವುದು ರೆಕಾರ್ಡಿಂಗಿನಲ್ಲಿ ಕೇಳುತ್ತದೆ. ಆ ಆಲ್ಬಮ್ಮಿಗೆ ವರ್ಷದ ಶ್ರೇಷ್ಠ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಬದಲಾವಣೆ ಡಿಲನ್‌ರದ್ದಕ್ಕಿಂತ ಏನೂ ಕಡಿಮೆ ಇರಲಿಲ್ಲ. ಆದರೆ ಕಾರ್ಯಕ್ರಮದ ಹೆಸರಿನಲ್ಲೇ ಎಚ್ಚರಿಕೆ ಇತ್ತು, ಮೇಲಿಂದ ಅದನ್ನು ಒಗಟಾಗಿ ಮಾಡಿ ಜನರನ್ನು ಆಟಕ್ಕೆ ಸೇರಿಸಿಕೊಂಡರು. ಮೆಟ್ಟಿಲಿಲ್ಲ ಅಂತ ಮೊದಲೇ ಹೇಳಿದರೆ ಕಾಲು ತಪ್ಪುವುದಿಲ್ಲ.

ಗ್ರೇಟ್‌ಫುಲ್ ಡೆಡ್ ಅನ್ನುವ ಕ್ಯಾಲಿಫೋರ್ನಿಯಾದ ಬ್ಯಾಂಡಿನವರದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕಥೆ. ಅವರ 'ಡಾರ್ಕ್ ಸ್ಟಾರ್' 1968ರಲ್ಲಿ ಸಿಂಗಲ್ ಆಗಿ ಬಂದಾಗ ಮೂರು ನಿಮಿಷವೂ ಇರಲಿಲ್ಲ. ಮರುವರ್ಷ ಬಂದ ಲೈವ್ ಆಲ್ಬಮ್ಮಿನಲ್ಲಿ ಅದು ಇಪ್ಪತ್ತಮೂರು ನಿಮಿಷ. ಅಭಿಮಾನಿಗಳು ಟೇಪ್ ರೆಕಾರ್ಡರ್ ಹೊತ್ತು ಊರಿಂದೂರಿಗೆ ಹಿಂಬಾಲಿಸುತ್ತಿದ್ದರು. 1984ರಲ್ಲಿ ಬ್ಯಾಂಡಿನವರೇ ರೆಕಾರ್ಡ್ ಮಾಡುವವರಿಗಾಗಿ ಪ್ರತ್ಯೇಕ ಜಾಗ ಬಿಟ್ಟರು. ಅವರಿಗೆ ಒಂದು 'ಅಸಲಿ' ಇರಲಿಲ್ಲ. ನೂರಾರು ರಾತ್ರಿಗಳ ನೂರಾರು ರೂಪಗಳಿದ್ದವು. ಯಾವ ಊರಿನದ್ದು ಚೆನ್ನಾಗಿತ್ತು ಅನ್ನುವುದೇ ಹರಟೆ. ಈ ಜನರಿಗೆ ರೆಕಾರ್ಡಿನಲ್ಲಿದ್ದ ಹಾಗೇ ನುಡಿಸಿದ್ದರೆ ಅದೇ ಮೋಸ ಅನ್ನಿಸುತ್ತಿತ್ತು. ಅದೇ ಕಾಲದ, ಅದೇ ಕ್ಯಾಲಿಫೋರ್ನಿಯಾದ ಈಗಲ್ಸ್ ಬ್ಯಾಂಡಿನ ಹೆಗ್ಗಳಿಕೆ ಇದಕ್ಕೆ ತದ್ವಿರುದ್ಧ: ರೆಕಾರ್ಡಿನಲ್ಲಿ ಹೇಗಿದೆಯೋ ವೇದಿಕೆಯಲ್ಲೂ ಹಾಗೆಯೇ.

ನಮ್ಮ ಆರ್ಕೆಸ್ಟ್ರಾ ಹುಡುಗ ಸಿಕ್ಕಿಬಿದ್ದದ್ದು ಈ ಒಪ್ಪಂದದಲ್ಲೇ. ಆರ್ಕೆಸ್ಟ್ರಾ ಅಂದರೆ 'ಥೇಟ್ ಕ್ಯಾಸೆಟ್ ಕೇಳಿದ ಹಾಗೆ' ಅನ್ನಿಸಿಕೊಳ್ಳುವುದೇ ಬಿರುದು. ಅಲ್ಲಿ ನಾವು ಹುಡುಗನನ್ನು ಕೇಳಲು ಹೋಗಿರುವುದಿಲ್ಲ, ಅವನ ಮೂಲಕ ರಾಜ್‌ಕುಮಾರ್ ಅವರನ್ನು ಕೇಳಲು ಹೋಗಿರುತ್ತೇವೆ. ಅವನು ತನ್ನದೇನೋ ಸೇರಿಸಿದರೆ ಅಡ್ಡ ನಿಂತ ಹಾಗೆ. ಅದೇ ಆಲಾಪವನ್ನು ಸಾಕ್ಷಾತ್ ಮೂಲ ಗಾಯಕರೇ ಸೇರಿಸಿದ್ದರೆ ದೊಡ್ಡಪ್ಪ "ನೋಡಿದ್ಯಾ, ಎಂಥ ಜಾಗ ಹಿಡಿದ್ರು!" ಅನ್ನುತ್ತಿದ್ದರು. ಪಾಪ ಹುಡುಗ.

ಇನ್ನು ಕಛೇರಿ. ಅಲ್ಲಿನ ಅಭ್ಯಾಸ ರೆಕಾರ್ಡಿಂಗ್ ಹುಟ್ಟುವುದಕ್ಕಿಂತ ಹಳೆಯದು. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ನಮ್ಮ ದೇಶದಲ್ಲಿ ಗೌಹರ್ ಜಾನ್ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿದ್ದು 1902ರಲ್ಲಿ. ಅದಕ್ಕೆ ಮುಂಚೆ ಒಂದು ಹಾಡನ್ನು ಎರಡು ಸಲ ಒಂದೇ ಥರ ಕೇಳುವುದು ಸಾಧ್ಯವೇ ಇರಲಿಲ್ಲ. ಕರ್ನಾಟಕ ಸಂಗೀತದಲ್ಲಿ ಒಂದೇ ಕೃತಿ ಬೇರೆ ಬೇರೆ ಗುರುಪರಂಪರೆಯಲ್ಲಿ ಬೇರೆ ಬೇರೆಯಾಗಿ ಬಂದಿರುತ್ತದೆ. ಅದಕ್ಕೆ ಪಾಠಾಂತರ ಅನ್ನುವ ಮರ್ಯಾದೆಯ ಹೆಸರೇ ಇದೆ. ತ್ಯಾಗರಾಜರ 'ಚಕ್ಕನಿ ರಾಜ'ದಂಥ ಕೃತಿಯಲ್ಲಿ ಒಂದೇ ಸಾಲಿಗೆ ಒಂದರ ಮೇಲೊಂದು ಸಂಗತಿಗಳು, ಅಂದರೆ ಅದೇ ಸಾಲಿನ ಬೇರೆ ಬೇರೆ ತಿರುವುಗಳು. ಅದರ ಮೇಲೆ ನೆರವಲ್ (ಒಂದು ಸಾಲನ್ನು ಹಿಡಿದು ರಾಗ ಬೆಳೆಸುವುದು), ಕಲ್ಪನಾಸ್ವರ (ಆ ಕ್ಷಣಕ್ಕೆ ಹೊಳೆದ ಸ್ವರಗಳನ್ನು ಪೋಣಿಸುವುದು). ಬದಲಾಯಿಸುವುದಕ್ಕೆ ಅಂತಲೇ ಜಾಗ ಬಿಟ್ಟಿರುವ ಪದ್ಧತಿ ಇದು.

ಆದರೆ ಅಲ್ಲೂ ಬೇಲಿ ಇದೆ. ರಾಗದಲ್ಲಿ ಇಲ್ಲದ ಸ್ವರ ಹಿಡಿಯಲಿ, ಸಾಹಿತ್ಯದ ಪದ ತಪ್ಪಾಗಿ ಒಡೆಯಲಿ, ಆಗ ನೋಡಬೇಕು ರಸಿಕರ ಕೋಪ. ಅಲ್ಲಿ ಹೆಪ್ಪುಗಟ್ಟಿರುವುದು ಬೇರೆ ಭಾಗ, ಅಷ್ಟೇ. ದೊಡ್ಡಪ್ಪನ ಎರಡು ಕಿವಿಯ ಗುಟ್ಟು ಇದು. ಅವರು ಎರಡೂ ಕಡೆ ಕಾಯುವುದು ಒಂದನ್ನೇ: ಬದಲಾಗಬಾರದ್ದು ಬದಲಾಗಬಾರದು. ಅದು ಯಾವುದು ಅನ್ನುವುದು ಮಾತ್ರ ಪೆಂಡಾಲಿನಲ್ಲಿ ಒಂದು, ಕಛೇರಿಯಲ್ಲಿ ಇನ್ನೊಂದು.

'ಅಸಲಿ' ಅನ್ನುವುದು ನಮ್ಮ ದಾಸರ ಪದಗಳ ವಿಷಯದಲ್ಲಂತೂ ತಮಾಷೆಯಾಗಿದೆ. ಪುರಂದರದಾಸರ ಪದಗಳ ಮೂಲ ಧಾಟಿಗಳಲ್ಲಿ ಹೆಚ್ಚಿನವು ಉಳಿದಿಲ್ಲ. ಈಗ ನಾವು ಹಾಡುವುದು ಆಮೇಲಿನವರು ಕೂಡಿಸಿದ ಮಟ್ಟು. 'ಭಾಗ್ಯದ ಲಕ್ಷ್ಮಿ ಬಾರಮ್ಮ' ಅಂದರೆ ಮೈಸೂರು ಕಡೆಯ ಮನೆಗಳಲ್ಲಿ ಮಧ್ಯಮಾವತಿ ರಾಗದ ಧಾಟಿ ಕಿವಿಗೆ ಬರುತ್ತದೆ. ಧಾರವಾಡ, ಗದಗದ ಕಡೆಯವರಿಗೆ ಭೀಮಸೇನ ಜೋಶಿಯವರ ಗುಡುಗು. ಎರಡೂ ಕಡೆಯವರು ತಮ್ಮದೇ ಸರಿಯಾದದ್ದು ಅನ್ನುತ್ತಾರೆ. ಶಿಶುನಾಳ ಷರೀಫರ ತತ್ವಪದಗಳೂ ಹಾಗೆಯೇ. ಸಿ. ಅಶ್ವಥ್ ಅವರ ಮಟ್ಟಿನಲ್ಲಿ ಬೆಳೆದವರಿಗೆ ರಘು ದೀಕ್ಷಿತ್ ಗಿಟಾರು ಹಿಡಿದು ಹಾಡಿದ ಷರೀಫರು ಒಗ್ಗಲಿಲ್ಲ. ದೀಕ್ಷಿತರಿಂದಲೇ ಷರೀಫರ ಪರಿಚಯವಾದ ಕಾಲೇಜು ಹುಡುಗರಿಗೆ ಅಶ್ವಥ್ ಅವರದ್ದು ನಿಧಾನ ಅನ್ನಿಸುತ್ತದೆ. ಆದರೆ ಇಬ್ಬರಿಗಿಂತ ಮುಂಚೆ ಹಾವೇರಿ, ಧಾರವಾಡದ ಭಜನಾ ಮೇಳದವರು ಏಕತಾರಿ, ದಮ್ಮಡಿ ಹಿಡಿದು ಹಾಡುತ್ತಲೇ ಇದ್ದರಲ್ಲ. ಯಾವುದು ಅಸಲಿ ಅನ್ನುವುದಕ್ಕೆ ಹೆಚ್ಚಾಗಿ ಉತ್ತರ ಒಂದೇ: ನೀವು ಮೊದಲು ಕೇಳಿದ್ದು.

ಎದ್ದು ನಿಂತು ಹಾಡುವ ಹಾಡು

ಎಲ್ಲಕ್ಕಿಂತ ಬಿಗಿಯಾದ ಬೇಲಿ ಇರುವುದು ಎಲ್ಲರೂ ಒಟ್ಟಿಗೆ ಹಾಡುವ ಹಾಡುಗಳಿಗೆ. ಅಲ್ಲಿ ಕೇಳುಗನೇ ಹಾಡುಗಾರ. ಮುಂದೆ ನಿಂತವರು ಧಾಟಿ ಬದಲಾಯಿಸಿದರೆ ಹಿಂದಿನವರ ಬಾಯಿ ಅರ್ಧಕ್ಕೇ ನಿಲ್ಲುತ್ತದೆ.

1968ರ ಅಕ್ಟೋಬರ್ 7ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೇಸ್‌ಬಾಲ್ ವರ್ಲ್ಡ್ ಸಿರೀಸಿನ ಐದನೇ ಪಂದ್ಯ. ಪೋರ್ಟೊರಿಕೊ ಮೂಲದ, ಕಣ್ಣು ಕಾಣದ ಯುವ ಗಾಯಕ ಹೊಸೆ ಫೆಲಿಸಿಯಾನೊ ರಾಷ್ಟ್ರಗೀತೆ ಹಾಡಿದರು. ಗಿಟಾರು ನುಡಿಸುತ್ತಾ, ನಿಧಾನವಾಗಿ, ತಮ್ಮದೇ ಲ್ಯಾಟಿನ್ ಧಾಟಿಯಲ್ಲಿ. ಕ್ರೀಡಾಂಗಣದಲ್ಲೇ ಕೆಲವರು ಕೂಗಾಡಿದರು, ಟಿವಿ ಕಚೇರಿಗೆ ಸಿಟ್ಟಿನ ಫೋನುಗಳು ಬಂದವು. ವಿಯೆಟ್ನಾಂ ಯುದ್ಧದ ಕಾಲ ಬೇರೆ. ಆಮೇಲೆ ಎಷ್ಟೋ ರೇಡಿಯೋಗಳು ತಮ್ಮ ಹಾಡು ಹಾಕುವುದನ್ನೇ ನಿಲ್ಲಿಸಿದವು ಅಂತ ಅವರು ಹೇಳಿಕೊಂಡಿದ್ದಾರೆ. ಹದಿನೈದು ವರ್ಷ ಕಳೆದು, 1983ರಲ್ಲಿ, ಬಾಸ್ಕೆಟ್‌ಬಾಲ್ ಆಟವೊಂದರಲ್ಲಿ ಮಾರ್ವಿನ್ ಗೇ ಅದೇ ಗೀತೆಯನ್ನು ಡ್ರಮ್ ಮೆಷಿನ್ ಹಾಕಿಕೊಂಡು ಇನ್ನೂ ಜಾಸ್ತಿ ಬದಲಾಯಿಸಿ ಹಾಡಿದರು. ಜನ ತಾಳ ಹಾಕಿ ಚಪ್ಪಾಳೆ ತಟ್ಟಿದರು. ಮೊದಲು ದಾರಿ ಕಡಿದವರಿಗೆ ಮುಳ್ಳು, ಹಿಂದೆ ಬಂದವರಿಗೆ ದಾರಿ.

ನಮ್ಮ ನಾಡಗೀತೆಯ ಕಥೆ ಬೇರೆ ಥರದ್ದು. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾಯಿತು. ಮಾತು ಒಂದೇ, ಮಟ್ಟು ಒಂದಲ್ಲ. ಮೈಸೂರು ಅನಂತಸ್ವಾಮಿ ಅವರದ್ದು ಒಂದು, ಸಿ. ಅಶ್ವಥ್ ಅವರದ್ದು ಇನ್ನೊಂದು. ಇಬ್ಬರೂ ಸುಗಮ ಸಂಗೀತದ ದೊಡ್ಡ ಹೆಸರುಗಳು, ಇಬ್ಬರಿಗೂ ದೊಡ್ಡ ಶಿಷ್ಯವರ್ಗ. ಮೇಲಿಂದ ಗೀತೆ ಉದ್ದ. ಆಲಾಪ, ಪುನರಾವರ್ತನೆ ಎಲ್ಲ ಸೇರಿಸಿ ಹಾಡಿದರೆ ಸಭೆಯಲ್ಲಿ ನಿಂತ ಹಿರಿಯರು ಕಾಲು ಬದಲಾಯಿಸಬೇಕಾಗುತ್ತಿತ್ತು. ರಾಷ್ಟ್ರಗೀತೆ 52 ಸೆಕೆಂಡಿನಲ್ಲಿ ಮುಗಿಯುತ್ತದೆ ಅನ್ನುವುದನ್ನು ನೆನಪಿಡಿ. 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಅನಂತಸ್ವಾಮಿ ಅವರ ಧಾಟಿ, ಪೂರ್ತಿ ಸಾಹಿತ್ಯ, ಆಲಾಪ ಇಲ್ಲ, ಪುನರಾವರ್ತನೆ ಇಲ್ಲ, 2 ನಿಮಿಷ 30 ಸೆಕೆಂಡು. ಇದನ್ನು ಪ್ರಶ್ನಿಸಿ ಗಾಯಕರೊಬ್ಬರು ಹೈಕೋರ್ಟಿಗೆ ಹೋದರು. 2024ರಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು.

ಹಾಡಿನ ಧಾಟಿಗೆ ಕೋರ್ಟೇ ಅಂತ ಆಗ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಆ ಯುವಕ ಕೂಗಿದ್ದೂ ಒಂದು ಅರ್ಜಿಯೇ. ಇಲ್ಲಿ ಅದಕ್ಕೆ ಸ್ಟಾಂಪು, ನಂಬರು ಇತ್ತು, ಅಷ್ಟೇ.

ಈಚೆಗೆ ಒಂದು ಸಭೆಯಲ್ಲಿ ನಾಡಗೀತೆಗೆ ಎದ್ದು ನಿಂತಿದ್ದೆ. ಮಕ್ಕಳು ಆದೇಶದ ಧಾಟಿಯಲ್ಲಿ ಚೊಕ್ಕವಾಗಿ ಹಾಡುತ್ತಿದ್ದರು. ನನ್ನ ಪಕ್ಕದಲ್ಲಿ ನಿವೃತ್ತ ಮೇಷ್ಟ್ರ ಹಾಗೆ ಕಾಣುವ ಒಬ್ಬರು ಕಣ್ಣು ಮುಚ್ಚಿ ಜೊತೆಗೆ ಗುನುಗುತ್ತಿದ್ದರು. ಒಂದು ಚರಣದ ಕೊನೆಗೆ ಅವರ ದನಿ ಇದ್ದಕ್ಕಿದ್ದ ಹಾಗೆ ಇನ್ನೊಂದು ಧಾಟಿಯ ತಿರುವಿಗೆ ಹೋಯಿತು. ಮಕ್ಕಳು ಮುಂದಿನ ಸಾಲಿಗೆ ಹೊರಟುಹೋಗಿದ್ದರು. ಅವರು ಕಣ್ಣು ಬಿಟ್ಟು ಅತ್ತಿತ್ತ ನೋಡಿ, ಬಾಯಿ ಮುಚ್ಚಿಕೊಂಡರು. ಎರಡು ಸಾಲು ಸುಮ್ಮನಿದ್ದು, ಆಮೇಲೆ ತಗ್ಗಿದ ದನಿಯಲ್ಲಿ ಮತ್ತೆ ಮಕ್ಕಳ ಜೊತೆ ಸೇರಿಕೊಂಡರು.